ಹಡಗಿನ ಫೋಟೋಗೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ಬಂದರಿನಲ್ಲಿ ನಿಂತ ಕ್ರೂಸ್ ಹಡಗಿನ ಪಕ್ಕದಲ್ಲೇ ನಿಲ್ಲಿಸಿ ಫೋಟೋ ತೆಗೆಸುತ್ತೇವೆ ಎಂದು ಯಾರಾದರೂ ಅಡ್ವಾನ್ಸ್ ಕೇಳಿದರೆ ದಯವಿಟ್ಟು ಕೊಡಬೇಡಿ. ನಾನು ಕೊಟ್ಟೆ. ಪೂರ್ತಿ ದುಡ್ಡು, ಮೊದಲೇ. ಮೂರು ವಾರ ಆಯಿತು, ಇನ್ನೂ ಹೊಟ್ಟೆ ಉರಿಯುತ್ತಿದೆ.

ದುಡ್ಡು ತೆಗೆದುಕೊಂಡ ಆತ ಹೇಳಿದ್ದು ಇಷ್ಟು. ಗೇಟಿನ ಒಳಗೆ ಹೋಗುವ ಪರ್ಮಿಷನ್ ತನ್ನ ಜವಾಬ್ದಾರಿ. ಸೂರ್ಯ ಮುಳುಗಿ ಆಕಾಶ ಇನ್ನೂ ನೀಲಿ ಇರುವಾಗ, ಹಡಗಿನ ದೀಪಗಳೆಲ್ಲ ಹತ್ತಿರುವ ಹೊತ್ತಿಗೆ ಶೂಟಿಂಗ್. "ಇಷ್ಟು ಹತ್ತಿರ ಬೇರೆ ಯಾರಿಗೂ ಸಿಗಲ್ಲ ಮೇಡಂ." ಈ ಮಾತಿಗೇ ನಾನು ಬಿದ್ದಿದ್ದು.

ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಅವರಿಗೆ ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ. ನೀರಿನ ಆ ಬದಿ, ಜನ ಓಡಾಡುವ ದಾರಿಯಲ್ಲಿ ಒಂದು ಬೆಂಚಿನ ಮೇಲೆ ಕೂರಿಸಿ, ನಾನು ತೆಗೆದ ಫೋಟೋ ರಾತ್ರಿ ತೋರಿಸುತ್ತೇನೆ ಎಂದು ಹೇಳಿ ಬಂದೆ.

ಗೇಟಿನಲ್ಲಿ ಸೆಕ್ಯುರಿಟಿಯವರು ಪಾಸ್ ಕೇಳಿದರು. ಈತನ ಹತ್ತಿರ ಪಾಸ್ ಇಲ್ಲ. ಸುಮ್ನೆ ಹತ್ತು ನಿಮಿಷ ಮಾತಾಡಿ ವಾಪಸ್ ಬಂದ. "ಇವತ್ತು ಒಳಗೆ ಬಿಡಲ್ವಂತೆ." ಇವತ್ತು ಅಂತೆ! 2004ರ ಜುಲೈನಿಂದ ಐಎಸ್‌ಪಿಎಸ್ ಎಂಬ ಅಂತರರಾಷ್ಟ್ರೀಯ ಭದ್ರತಾ ನಿಯಮ ಜಾರಿಯಲ್ಲಿದೆ. ಬೇರೆ ಬೇರೆ ದೇಶಗಳ ನಡುವೆ ಓಡಾಡುವ ಪ್ರಯಾಣಿಕರ ಹಡಗು ನಿಲ್ಲುವ ಕಟ್ಟೆಗೆ ಯಾರು ಬರುತ್ತಾರೆ, ಹೋಗುತ್ತಾರೆ ಎಂದು ಕಾಯುವುದು ಅದರದೇ ಭಾಗ. ಯಾರದೋ ಪರಿಚಯ ಹೇಳಿಕೊಂಡು ಟ್ರೈಪಾಡ್ ಹೊತ್ತು ನುಗ್ಗುವ ಜಾಗ ಅದಲ್ಲ. ಇದೇ ಕೆಲಸ ಮಾಡುವ ಆತನಿಗೆ ಇದು ಗೊತ್ತಿರಲಿಲ್ವಾ?

ಕೊನೆಗೆ ಬೇಲಿಯ ಹೊರಗೆ ಒಂದು ಮೂಲೆಯಲ್ಲಿ ನಿಲ್ಲಿಸಿದ. ಯಾರು ಬೇಕಾದರೂ ಬಂದು ನಿಲ್ಲಬಹುದಾದ ಜಾಗ. ಹಡಗಿಗೂ ನನಗೂ ನಡುವೆ ಹೆಚ್ಚೆಂದರೆ 40 ಮೀಟರ್. ಕ್ಯಾಮೆರಾದಲ್ಲಿ ನೋಡಿದರೆ ಬಿಳಿ ಗೋಡೆ. ಮೂತಿ ಇಲ್ಲ, ಬಾಲ ಇಲ್ಲ, ಒಂದಷ್ಟು ಕಿಟಕಿ, ಬಾಲ್ಕನಿ, ಅಷ್ಟೇ.

ಆಮೇಲೆ ಮನೆಯಲ್ಲಿ ಲೆಕ್ಕ ಹಾಕಿದೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಗೆ ಅಗಲ ನೋಟದ 24 ಎಂಎಂ ಲೆನ್ಸ್ ಹಾಕಿದರೆ, 300 ಮೀಟರ್ ಉದ್ದದ ಹಡಗು ಅಡ್ಡಕ್ಕೆ ಪೂರ್ತಿ ಹಿಡಿಸಲು 200 ಮೀಟರ್ ದೂರ ಬೇಕು. 40 ಮೀಟರಿನಿಂದ ಹಿಡಿಸುವುದು 60 ಮೀಟರ್ ಮಾತ್ರ. ಅಂದರೆ ಹತ್ತಿರ ಹೋದಷ್ಟೂ ಹಡಗು ಕಳೆದುಹೋಗುತ್ತದೆ. ಆತ ನನಗೆ ಮಾರಿದ್ದೇ ಆ ಹತ್ತಿರವನ್ನು.

"ಪನೋರಮಾ ತೆಗೀರಿ ಮೇಡಂ, ಎಲ್ಲರೂ ಹಾಗೇ ತೆಗೆಯೋದು" ಎಂದ. ತೆಗೆದೆ. ಅಷ್ಟು ಹತ್ತಿರದಿಂದ ತೆಗೆದರೆ ಹಡಗು ಬಿಲ್ಲಿನ ಹಾಗೆ ಬಗ್ಗಿ ಬರುತ್ತದೆ. ಸೂರ್ಯ ಹಡಗಿನ ಆ ಕಡೆ. ನಮ್ಮ ಕಡೆ ಬರೀ ನೆರಳು. ಇರಲಿ, ದೀಪ ಹತ್ತಿದ ಮೇಲೆ ಏನಾದರೂ ಸಿಗಬಹುದು ಎಂದು ಕಾದೆ.

ಆಗಲೇ ಕಟ್ಟೆಯ ಮೇಲಿನವರು ಹಗ್ಗ ಬಿಚ್ಚತೊಡಗಿದರು. ಸೂರ್ಯ ಇನ್ನೂ ಮುಳುಗಿರಲಿಲ್ಲ! ಹಡಗು ಕೂಗು ಹಾಕಿ ನಿಧಾನಕ್ಕೆ ಸರಿಯಿತು. ಕೇಳಿದರೆ, "ಹಡಗು ಹೊರಡೋದು ನಮ್ಮ ಕೈಯಲ್ಲಿಲ್ಲ ಅಲ್ವಾ ಮೇಡಂ." ಹೌದಪ್ಪ, ಕೈಯಲ್ಲಿಲ್ಲ. ಆದರೆ ಹೊರಡುವ ಹೊತ್ತು ಬಂದರಿನವರ ವೇಳಾಪಟ್ಟಿಯಲ್ಲೇ ಇತ್ತು. ಸಂಜೆ 5 ಗಂಟೆ. ಬಹಳಷ್ಟು ಕ್ರೂಸ್ ಹಡಗುಗಳು ಬೆಳಿಗ್ಗೆ ಬಂದು ಸಂಜೆ ಹೊರಟುಬಿಡುತ್ತವೆ. ನಾನೂ ಮೊದಲೇ ನೋಡಬೇಕಿತ್ತು, ನೋಡಲಿಲ್ಲ. ಅವನ ಮಾತು ನಂಬಿದೆ.

ಅಷ್ಟರಲ್ಲಿ ಅಪ್ಪನಿಂದ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಬೆಂಚಿನಲ್ಲಿ ಕೂತೇ ಫೋನಿನಲ್ಲಿ ತೆಗೆದದ್ದು. ಮೂತಿಯಿಂದ ಬಾಲದವರೆಗೆ ಪೂರ್ತಿ ಹಡಗು. ಅದರ ಮೇಲೆ ಇಳಿಬಿಸಿಲು, ಕೆಳಗೆ ನೀರಿನಲ್ಲಿ ಅದರ ಪ್ರತಿಬಿಂಬ. ಜೊತೆಗೆ ಒಂದು ಸಾಲು: "ನಿನ್ನದು ಇನ್ನೂ ಚೆನ್ನಾಗಿ ಬಂದಿರಬೇಕು ಅಲ್ವಾ ಮಗಳೇ?"

ಏನು ಉತ್ತರ ಕೊಡಲಿ? ಇವತ್ತಿಗೂ ಕೊಟ್ಟಿಲ್ಲ.

ದುಡ್ಡು ವಾಪಸ್ ಕೇಳಿದೆ. "ಜಾಗ ತೋರಿಸಿದ್ದೇವೆ, ಸರ್ವಿಸ್ ಮುಗಿದಿದೆ." ಪರ್ಮಿಷನ್ ಎಲ್ಲಿ ಎಂದೆ. "ಟ್ರೈ ಮಾಡ್ತೀವಿ ಅಂತ ಹೇಳಿದ್ದು." ಸುಳ್ಳು. ಮೆಸೇಜ್ ನನ್ನ ಹತ್ತಿರ ಇದೆ, ಟ್ರೈ ಎಂಬ ಮಾತೇ ಅದರಲ್ಲಿಲ್ಲ. ಅದರ ಸ್ಕ್ರೀನ್‌ಶಾಟ್ ಕಳಿಸಿದೆ. "ಮುಂದಿನ ಹಡಗಿಗೆ ಡಿಸ್ಕೌಂಟ್ ಕೊಡ್ತೀವಿ" ಎಂದ. ಬೇಡ, ನನ್ನ ದುಡ್ಡು ಕೊಡಿ ಎಂದೆ. ಬ್ಲಾಕ್ ಮಾಡಿದ.

ನಿಮಗೆ ಹಡಗಿನ ಫೋಟೋ ಬೇಕಿದ್ದರೆ ವೇಳಾಪಟ್ಟಿ ನೀವೇ ನೋಡಿ, ರಾತ್ರಿ ನಿಲ್ಲುವ ಹಡಗು ಹುಡುಕಿ, ನೀರಿನ ಎದುರು ದಡಕ್ಕೆ ಹೋಗಿ. ರಾತ್ರಿ ಬೋಟಿನಿಂದ ತೆಗೆಸುತ್ತೇವೆ ಎಂದರೂ ಒಪ್ಪಬೇಡಿ. ಕೆಳಗಿನ ಬೋಟೇ ಅಲುಗಾಡುತ್ತಿದ್ದರೆ ಟ್ರೈಪಾಡ್ ಇದ್ದೂ ಪ್ರಯೋಜನವಿಲ್ಲ, ಕ್ಯಾಮೆರಾ ನಾಲ್ಕೈದು ಸೆಕೆಂಡು ಬೆಳಕು ಹಿಡಿಯುವ ಎಕ್ಸ್‌ಪೋಷರ್‌ನಲ್ಲಿ ದೀಪಗಳೆಲ್ಲ ಗೆರೆಗೆರೆಯಾಗುತ್ತವೆ. ಯಾರಿಗಾದರೂ ದುಡ್ಡು ಕೊಡಲೇಬೇಕೆಂದರೆ ಪಾಸ್ ಕೈಗೆ ಬಂದ ಮೇಲೆ ಕೊಡಿ. ಮುಂಚೆ ಬೇಡ.

ಇನ್ನೊಂದು. ಮೊನ್ನೆ ಗೆಳತಿಯ ಫೋನಿನಲ್ಲಿ ಆತನ ಜಾಹೀರಾತು ಮತ್ತೆ ಕಂಡೆ. "ಹಡಗಿನ ಪಕ್ಕದಲ್ಲೇ" ಎಂಬ ಅದೇ ಸಾಲು. ಮೇಲೆ ಹಾಕಿರುವ ಫೋಟೋದಲ್ಲಿ ಪೂರ್ತಿ ಹಡಗಿದೆ, ಮುಂದೆ ಅಗಲಕ್ಕೆ ನೀರಿದೆ, ಮೂಲೆಯಲ್ಲಿ ಅಪ್ಪ ಕೂತಿದ್ದ ಆ ಬೆಂಚಿದೆ.