ಹಿಂದಿನ ಗಾಲಿ ಹತ್ತಿರ ಎಣ್ಣೆ ಕಂಡರೆ ಡ್ರಮ್ ಬಿಚ್ಚಿಸಿಯೇ ನೋಡಿ

ಬೆಳಗಾವಿಯಲ್ಲಿ ಜುಲೈ ತಿಂಗಳು ಅಂದರೆ ಅಂಗಳ ಒಣಗುವುದೇ ಇಲ್ಲ. ಕಾರಿನ ಎಡಗಡೆ ಹಿಂದಿನ ಗಾಲಿ ಪಕ್ಕ ಅಂಗೈ ಅಗಲದ ಕಲೆ ಕಂಡಾಗ ಮಳೆ ನೀರು ಅಂದುಕೊಂಡೆ. ಎರಡು ವಾರ ಹಾಗೇ ಅಂದುಕೊಂಡಿದ್ದೆ. ಹನ್ನೊಂದು ವರ್ಷದ ಸಣ್ಣ ಕಾರು ನನ್ನದು, ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕ್, ಅಂದರೆ ಗಾಲಿ ಜೊತೆ ತಿರುಗುವ ಡಬ್ಬಿಯೊಳಗೆ ಕೂತ ಬ್ರೇಕ್.

ಒಂದು ದಿನ ಟೈರಿನ ಒಳಮೈಗೆ ಬೆರಳು ತಾಗಿಸಿದೆ. ತೆಳ್ಳಗೆ, ಜಾರುವಂಥ ಎಣ್ಣೆ. ಮನೆ ಹತ್ತಿರದ ಗ್ಯಾರೇಜಿಗೆ ಹೋದೆ. ಹುಡುಗ ಬಗ್ಗಿ, ಮೊಬೈಲ್ ಬ್ಯಾಟರಿ ಬಿಟ್ಟು ನೋಡಿ, "ಶಾಕಪ್ ಲೀಕ್ ಆಗೇತ್ರಿ ಸರ" ಅಂದ. ಶಾಕಪ್ ಅಂದರೆ ಗಾಡಿಯ ಕುಲುಕಾಟ ತಡೆಯುವ, ಎಣ್ಣೆ ತುಂಬಿದ ಕೊಳವೆ. ಹುಡುಗ ಗಾಲಿ ಬಿಚ್ಚಲಿಲ್ಲ. ಎರಡೂ ಶಾಕಪ್ ಬದಲಿಸಿ 4,800 ರೂಪಾಯಿ ತಗೊಂಡ. ಬಾನೆಟ್ ಎತ್ತಿದಾಗ ಬ್ರೇಕ್ ಆಯಿಲ್ ಅದರ ಡಬ್ಬಿಯ ಕೆಳಗಿನ ಗೆರೆಗಿಂತ ಇಳಿದಿತ್ತು. "ಲೈನರ್ ಸವದಂಗ ಒಂದೀಟು ಇಳೀತೈತ್ರಿ" ಅಂತ ಮೇಲಿನ ಗೆರೆವರೆಗೂ ತುಂಬಿ ಕಳಿಸಿದ.

ಈ ಮಾತೇ ನನ್ನನ್ನು ಕೆಡಿಸಿದ್ದು. ಅದು ಸುಳ್ಳಲ್ಲ, ಅರ್ಧ ನಿಜ. ಲೈನರ್, ಅಂದರೆ ಬ್ರೇಕಿನಲ್ಲಿ ಉಜ್ಜಿ ಗಾಲಿ ನಿಲ್ಲಿಸುವ ಪಟ್ಟಿ, ಸವೆದಂತೆ ಆಯಿಲ್ ಮಟ್ಟ ಇಳಿಯುವುದು ಹೌದು, ಆದರೆ ತಿಂಗಳುಗಟ್ಟಲೆ ನಿಧಾನಕ್ಕೆ. ನನ್ನದು ಹದಿನೈದು ದಿನದಲ್ಲಿ ಮತ್ತೆ ಕೆಳಗಿನ ಗೆರೆಗೆ ಬಂತು. ನಾನು ಜಾಣನಂತೆ ಒಂದು ಬಾಟಲಿ ತಂದು ನಾನೇ ತುಂಬಿದೆ. ಬಾನೆಟ್ ಅಂಚಿಗೆ ಒಂದಿಷ್ಟು ಚೆಲ್ಲಿ ಅಲ್ಲಿನ ಪೇಂಟೂ ಎದ್ದು ಬಂತು. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ, ಚೆಲ್ಲಿದ ಕೂಡಲೇ ನೀರು ಸುರಿಯಬೇಕಂತೆ.

ಒಂದು ಶುಕ್ರವಾರ ಮನೆಯವರೆಲ್ಲ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದೆವು. ದರ್ಶನ ಮುಗಿಸಿ ಇಳಿಯುವಾಗ ಬ್ರೇಕ್ ಒತ್ತಿದರೆ ಪೆಡಲ್ ಅರ್ಧಕ್ಕಿಂತ ಕೆಳಗೆ ಇಳಿಯಿತು. ಮತ್ತೆ ಒತ್ತಿದೆ, ಇನ್ನೂ ಕೆಳಗೆ. ಹ್ಯಾಂಡ್ ಬ್ರೇಕ್ ಎಳೆದರೆ ಎಡಗಡೆ ಗಾಲಿ ಹಿಡಿಯಲೇ ಇಲ್ಲ. ಮೊದಲನೇ ಗೇರಿಗೆ ಹಾಕಿ, ಪೆಡಲ್ ಪದೇ ಪದೇ ತುಳಿಯುತ್ತಾ, ಭಂಡಾರ ಮಾರುವ ಅಂಗಡಿ ಪಕ್ಕ ಹೇಗೋ ನಿಲ್ಲಿಸಿದೆ. ಈಗಿನ ಕಾರುಗಳಲ್ಲಿ ಬ್ರೇಕ್ ಆಯಿಲ್ ಎರಡು ಬೇರೆ ಬೇರೆ ಲೈನಿನಲ್ಲಿ ಹೋಗುತ್ತದೆ. ಒಂದು ಖಾಲಿಯಾದರೂ ಇನ್ನೊಂದು ಒಂದಿಷ್ಟು ಹಿಡಿಯುತ್ತದೆ. ನಾವು ಬದುಕಿ ಉಳಿದದ್ದು ಅದರಿಂದಲೇ. ನಮ್ಮ ಅತ್ತೆ ಮಾತ್ರ ಇವತ್ತಿಗೂ ಒಪ್ಪುವುದಿಲ್ಲ, "ಹಿಡದಾಕಿ ತಾಯಿ, ನಿಮ್ಮ ಲೈನ್ ಅಲ್ಲ" ಅನ್ನುತ್ತಾರೆ.

ಸವದತ್ತಿಯಿಂದ ಬಂದ ವಯಸ್ಸಾದ ಮೇಸ್ತ್ರಿ ಮೊದಲು ಮಾಡಿದ ಕೆಲಸ ಜಾಕ್ ಹಾಕಿ ಗಾಲಿ ಬಿಚ್ಚಿದ್ದು. ಗಾಲಿ ಮೇಲಿದ್ದ ಎಣ್ಣೆಯನ್ನು ಕಡ್ಡಿಯಲ್ಲಿ ತೆಗೆದು ಸ್ಟೀಲ್ ಲೋಟದ ನೀರಿಗೆ ಬಿಟ್ಟರು. ಹಾಲಿನಲ್ಲಿ ಸಕ್ಕರೆ ಕರಗಿದಂತೆ ಕರಗಿಹೋಯಿತು. "ಶಾಕಪ್ಪಿಂದ ಆಗಿದ್ರ ಮ್ಯಾಲ ತೇಲ್ತಿತ್ರಿ. ಇದು ಬ್ರೇಕ್ ಆಯಿಲ್" ಅಂದರು. ಮುಗೀತು ಪತ್ತೆದಾರಿ! ಡ್ರಮ್ ತೆಗೆದು, ಬ್ರೇಕ್ ಆಯಿಲ್ ಒತ್ತಡದಲ್ಲಿ ಲೈನರ್ ತಳ್ಳುವ ವ್ಹೀಲ್ ಸಿಲಿಂಡರಿನ ತುದಿಯ ರಬ್ಬರ್ ಟೋಪಿ ಸರಿಸಿದರೆ ಎಣ್ಣೆ ಬಳಬಳ ಸುರಿಯಿತು. ಒಳಗಿನ ರಬ್ಬರ್ ಸವೆದು, ಬ್ರೇಕ್ ಒತ್ತಿದಾಗೆಲ್ಲ ಡ್ರಮ್ಮಿನೊಳಗೆ ಸೋರುತ್ತಿತ್ತು. ಅಲ್ಲಿಂದ ಹಿಂದಿನ ಪ್ಲೇಟಿನ ಸಂದಿಯಲ್ಲಿ ಇಳಿದು ಟೈರಿಗೆ. ಶಾಕಪ್ಪಿಂದು ಸೋರಿದರೆ ಅದರ ಮೈಮೇಲೇ ಮೇಲಿಂದ ಕೆಳಗೆ ಜಿಡ್ಡು ಹಿಡಿದಿರುತ್ತದೆ, ಬದಲಿಸಿದ ನನ್ನ ಹಳೇ ಶಾಕಪ್ ಒಣಗಿತ್ತು.

ಲೈನರ್ ಎಣ್ಣೆಯಲ್ಲಿ ನೆಂದಿತ್ತು. ತೊಳೆದು ಹಾಕಬಹುದಾ ಅಂತ ಕೇಳಿದೆ. ಎಣ್ಣೆ ಕುಡಿದ ಲೈನರ್ ಕಾದಾಗ ಮತ್ತೆ ಎಣ್ಣೆ ಬಿಡುತ್ತೆ, ಎರಡೂ ಗಾಲಿಯದು ಬದಲಿಸಲೇಬೇಕು ಅಂದರು. ಸಾಮಾನು ಧಾರವಾಡದಿಂದ ಬರಬೇಕಿತ್ತು. ನಾವು ಬಸ್ಸಿನಲ್ಲಿ ಬೆಳಗಾವಿಗೆ ವಾಪಸ್.

ನಿಮ್ಮ ಗಾಡಿ ಹಿಂದಿನ ಗಾಲಿ ತಿರುಗಿಸುವಂಥದ್ದಾದರೆ, ಜೀಪೋ ಮಾಲಿನ ಗಾಡಿಯೋ, ಅಲ್ಲಿ ಗೇರ್ ಆಯಿಲ್ ಕೂಡ ಸೋರಬಹುದು. ಅದು ದಪ್ಪ, ಗಂಧಕದಂತೆ ಕೆಟ್ಟ ವಾಸನೆ, ನೀರಲ್ಲಿ ಕರಗಲ್ಲ. ಅದೂ ಲೈನರಿಗೆ ತಾಗಿದರೆ ಬ್ರೇಕ್ ಹೋದಂತೆಯೇ. ಯಾವುದೇ ಇರಲಿ, ಒರೆಸುವ ಮುಂಚೆ ಒಂದು ಫೋಟೋ ತೆಗೆದಿಡಿ. ಮೆಕ್ಯಾನಿಕ್ ಗಾಲಿ ಬಿಚ್ಚದೆ ಸೋರುತ್ತಿರುವುದು ಇಂಥದ್ದೇ ಅಂತ ಹೇಳಿದರೆ ದುಡ್ಡು ಕೊಡಬೇಡಿ.

ವ್ಹೀಲ್ ಸಿಲಿಂಡರಿಗೆ ಬಿದ್ದದ್ದು 650 ರೂಪಾಯಿ. ಬಿಚ್ಚಿದ ಹಳೇ ಶಾಕಪ್ ಎರಡೂ ನಮ್ಮ ಅಟ್ಟದ ಮೇಲೆ ಹಳೇ ಪೇಪರ್ ಮೇಲೆ ಮಲಗಿವೆ. ಪೇಪರಿಗೆ ಇನ್ನೂ ಒಂದು ಹನಿ ಎಣ್ಣೆ ಬಿದ್ದಿಲ್ಲ.