ತೋರಿಸಿದ್ದು ಚರ್ಮ, ಕೇಳಿದ್ದು ಮೂತ್ರ: ಕಲಬುರಗಿಯ ಒಂದು ಕ್ಲಿನಿಕ್, 5ಕ್ಕೆ 4

ಹನ್ನೊಂದು ವರ್ಷದಿಂದ ನನಗೆ ಸೋರಿಯಾಸಿಸ್, ಚರ್ಮ ಕೆಂಪಾಗಿ ಹೊಟ್ಟಿನಂತೆ ಉದುರುವ ಕಾಯಿಲೆ. ಮೊಣಕೈಯಿಂದ ಶುರುವಾಗಿ ಈಗ ಬೆನ್ನು ಪೂರ್ತಿ. ಕೆಲಸ ದಾಲ್ ಮಿಲ್‌ನಲ್ಲಿ, ಅಲ್ಲಿ ತೊಗರಿ ಹೊಟ್ಟಿನ ಧೂಳಿನ ನಡುವೆ ನನ್ನ ಮೈಯ ಹೊಟ್ಟು ಯಾರಿಗೂ ಕಾಣಲ್ಲ. ಆದರೆ ಕ್ಲಿನಿಕ್ಕಿನ ಕಪ್ಪು ಕುರ್ಚಿಯಿಂದ ಎದ್ದಾಗ ಕಂಡಿತು, ಕರ್ಚೀಫಿನಿಂದ ಒರೆಸಿದೆ. ಹೆಸರು ಬರೆಯಲ್ಲ, ಈಗಲೇ ಅಲ್ಲಿ ಕೂರಲು ಜಾಗ ಇಲ್ಲ.

ಡಾಕ್ಟರಮ್ಮ ಬೆನ್ನು ನೋಡಿದರು, ಬಿಪಿ ನೋಡಿದರು, ರಕ್ತ ಮೂತ್ರ ಎರಡೂ ಕೊಡಿ ಅಂದರು. ಚರ್ಮಕ್ಕೂ ಕಿಡ್ನಿಗೂ ಏನು ಸಂಬಂಧ, ಸುಮ್ನೆ ಬಿಲ್ ಏರಿಸ್ತಾರೆ ಅಂದುಕೊಂಡೆ. ಮುಖದಲ್ಲೇ ಗೊತ್ತಾಗಿರಬೇಕು. ಇದು ಬರೀ ಚರ್ಮದ ಕಾಯಿಲೆ ಅಲ್ಲ, ಮೈಯೊಳಗೂ ಉರಿಯೂತ ಇರುತ್ತದೆ ಅಂದರು. ಬ್ರಿಟನ್‌ನಲ್ಲಿ 1 ಲಕ್ಷ 42 ಸಾವಿರಕ್ಕೂ ಜಾಸ್ತಿ ಸೋರಿಯಾಸಿಸ್ ರೋಗಿಗಳ ದಾಖಲೆ ತೆಗೆದು ನೋಡಿದ್ದಾರಂತೆ, 2013ರಲ್ಲಿ ಅದು ಪ್ರಕಟವಾಯಿತು, ಕಾಯಿಲೆ ಜೋರಾಗಿದ್ದವರಿಗೆ ಕಿಡ್ನಿ ತೊಂದರೆಯ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟು. ಕಡಿಮೆ ಇದ್ದವರಿಗೆ ಅಂಥ ಹೆಚ್ಚಳ ಇರಲಿಲ್ಲ. ನಾನು ಯಾವ ಗುಂಪು ಅಂತ ಕೇಳಲಿಲ್ಲ, ಬೆನ್ನೇ ಹೇಳುತ್ತಿತ್ತು.

ಆಮೇಲೆ ಮಾತ್ರೆ ತೋರಿಸಿ ಅಂದರು. ಜೇಬಿನಿಂದ ಎರಡು ಪಟ್ಟಿ ತೆಗೆದಿಟ್ಟೆ. ಒಂದು ಹಳೇ ಡಾಕ್ಟರ್ ಸೋರಿಯಾಸಿಸ್‌ಗೆ ಬರೆದ ಮೆಥೊಟ್ರೆಕ್ಸೇಟ್, ವಾರಕ್ಕೊಮ್ಮೆ. ಇನ್ನೊಂದು ಡೈಕ್ಲೋಫೆನಾಕ್, ಬೆರಳ ಗಂಟು ನೋವಿಗೆ ನಾನೇ ಮೆಡಿಕಲ್‌ನಲ್ಲಿ ಕೇಳಿ ತಂದದ್ದು, ಮನಸ್ಸಿಗೆ ಬಂದಾಗೆಲ್ಲ ನುಂಗುತ್ತಿದ್ದೆ. ಡೈಕ್ಲೋಫೆನಾಕ್ ಪಟ್ಟಿಯನ್ನು ಪಕ್ಕಕ್ಕೆ ಸರಿಸಿಬಿಟ್ಟರು. ಮೆಥೊಟ್ರೆಕ್ಸೇಟ್ ಮೈಯಿಂದ ಹೊರಗೆ ಹೋಗುವುದೇ ಕಿಡ್ನಿಯ ದಾರಿಯಲ್ಲಿ, ನೋವಿನ ಮಾತ್ರೆ ಆ ಕಿಡ್ನಿಯ ರಕ್ತವನ್ನೇ ಕಡಿಮೆ ಮಾಡಿದರೆ ಔಷಧಿ ಒಳಗೇ ಉಳಿದು ವಿಷವಾಗುತ್ತದೆ, ಅದರಲ್ಲೂ ನಮ್ಮೂರ ಮೇ ತಿಂಗಳ ಬಿಸಿಲಲ್ಲಿ ನೀರು ಕುಡಿಯದೆ ದುಡಿಯುವವರಿಗೆ. ಇಷ್ಟು ವರ್ಷ ಒಬ್ಬರೂ ಇದನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ ಅನ್ನಿ.

ರಿಪೋರ್ಟ್ ಬಂತು. ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸುವ ರಕ್ತದ ಕ್ರಿಯಾಟಿನಿನ್ ಸರಿ ಇದೆ. ಮೂತ್ರದಲ್ಲಿ ಅಲ್ಬುಮಿನ್, ಅಂದರೆ ಕಿಡ್ನಿಯಿಂದ ಸೋರುವ ಪ್ರೋಟೀನ್, 48, ಅದು 30ರೊಳಗೆ ಇರಬೇಕಿತ್ತು. ಒಂದು ಸಲದ್ದನ್ನು ನಂಬಬೇಡಿ, ಮೂರು ತಿಂಗಳಿಗೆ ಮತ್ತೆ ನೋಡೋಣ ಅಂದರು.

ಒಂದು ಸ್ಟಾರ್ ಯಾಕೆ ಕಟ್ ಮಾಡಿದೆ? ಹತ್ತಕ್ಕೆ ಟೋಕನ್ ತೊಗೊಂಡರೆ ಒಳಗೆ ಕರೆದದ್ದು ಒಂದೂವರೆಗೆ, ಅದೂ ಹೋಗಲಿ. ಬಂದವರ ಹತ್ತಿರವೆಲ್ಲ ಮೂತ್ರ ಕೇಳುವ ಜಾಗದಲ್ಲಿ ಶೌಚಾಲಯದ ಬಾಗಿಲಿಗೆ ಚಿಲಕ ಬೇಡ್ವಾ? ಒಂದು ಕೈಯಲ್ಲಿ ಬಾಗಿಲು, ಒಂದು ಕೈಯಲ್ಲಿ ಡಬ್ಬಿ. ಮೂರು ತಿಂಗಳಲ್ಲಿ ಹಾಕಿಸಿದ್ದರೆ ಆ ಸ್ಟಾರ್ ವಾಪಸ್ ಕೊಡುತ್ತೇನೆ.