ಆಲ್ಮನ್ ಬ್ರದರ್ಸ್ ಬ್ಯಾಂಡ್: ಯಾವ ರೆಕಾರ್ಡ್ ಮೊದಲು, ಯಾವುದು ಬೇಡ

ಅಮೆರಿಕದ ಈ ರಾಕ್ ತಂಡದ್ದು ಒಂದೇ ರೆಕಾರ್ಡ್ ಸಾಕು ಅನ್ನುವವರು ಕಣ್ಣುಮುಚ್ಚಿ ‘ಅಟ್ ಫಿಲ್ಮೋರ್ ಈಸ್ಟ್’ ಕೊಳ್ಳಬಹುದು. 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ಸಭಾಂಗಣದಲ್ಲಿ ಸಂಗೀತ ಕಛೇರಿ, ಜುಲೈನಲ್ಲಿ ಬಿಡುಗಡೆ. ಎರಡು ರೆಕಾರ್ಡ್, ಏಳೇ ಹಾಡು. ನಾಲ್ಕನೇ ಬದಿಯ ತುಂಬ ‘ವಿಪ್ಪಿಂಗ್ ಪೋಸ್ಟ್’ ಒಂದೇ, ಸುಮಾರು 23 ನಿಮಿಷ. 1969ರ ಸ್ಟುಡಿಯೋ ಆಲ್ಬಮ್‌ನಲ್ಲಿ ಇದೇ ಹಾಡು ಐದು ನಿಮಿಷ ಚಿಲ್ಲರೆಗೆ ಮುಗಿದುಹೋಗುತ್ತದೆ. ಕಛೇರಿಯಲ್ಲಾದರೋ ಬರ್ರಿ ಓಕ್ಲಿಯ ಬೇಸ್ ಗಿಟಾರ್ ಹನ್ನೊಂದು ಎಣಿಕೆಯ ತಾಳದಲ್ಲಿ ಶುರುವಾಗಿ, ಜೈಮೋ ಮತ್ತು ಬುಚ್ ಟ್ರಕ್ಸ್ ಇಬ್ಬರ ಡ್ರಮ್ಮೂ ಸೇರಿಕೊಂಡ ಮೇಲೆ ಡುವೇನ್ ಆಲ್ಮನ್, ಡಿಕಿ ಬೆಟ್ಸ್ ಗಿಟಾರ್‌ಗಳಿಗೆ ಅವಸರವೇ ಇಲ್ಲ. ‘ಸ್ಟಾರ್ಮಿ ಮಂಡೇ’ಯಲ್ಲಿದ್ದ ಹಾರ್ಮೋನಿಕಾ ಭಾಗವನ್ನು ನಿರ್ಮಾಪಕ ಟಾಮ್ ಡೌಡ್ ಕತ್ತರಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ.

ಹಳೆಯ ಪ್ರತಿ ಕೊಳ್ಳುವಾಗ ಮೊದಲ ಹಾಡು ಕೇಳಿ ತೃಪ್ತಿಪಡಬೇಡಿ. ನಾಲ್ಕನೇ ಬದಿಯ ಕೊನೆಯ ಐದು ನಿಮಿಷ ಹಾಕಿಸಿ. ಸೂಜಿ ಒಳಕ್ಕೆ ಸರಿದಷ್ಟೂ ಒಂದು ಸುತ್ತಿನ ಉದ್ದ ಕಡಿಮೆಯಾಗಿ ಅಷ್ಟೇ ಸಂಗೀತ ಇಕ್ಕಟ್ಟಿನಲ್ಲಿ ಕೂರುತ್ತದೆ. ಹಿಂದಿನ ಒಡೆಯರ ಸವೆದ ಸೂಜಿ ಮಾಡಿದ ಹಾನಿ ಮೊದಲು ಕೇಳಿಸುವುದು ಅಲ್ಲೇ. ಹಾಡು ಭೋರ್ಗರೆಯುವುದೂ ಅಲ್ಲೇ, ಗ್ರಹಚಾರ. ಗಿಟಾರ್ ಒಡೆದಂತೆ ಕೇಳಿದರೆ ಚೆನ್ನಾಗಿದೆ ಎಂದು ಗೊತ್ತಿರುವ ಬೇರೊಂದು ರೆಕಾರ್ಡಿನ ಒಳತುದಿ ಕೇಳಿ ನೋಡಿ. ಅಲ್ಲೂ ಹಾಗೇ ಇದ್ದರೆ ದೋಷ ಪ್ಲೇಯರ್‌ನ ಸೂಜಿಯಲ್ಲೋ, ಅದನ್ನು ಹಿಡಿದಿರುವ ಕಾರ್ಟ್ರಿಜ್ ಕೂರಿಸಿದ್ದರಲ್ಲೋ ಇದೆ. 1.8 ಸೆಕೆಂಡಿಗೊಮ್ಮೆ, ಎಂದರೆ ಸುತ್ತಿಗೊಮ್ಮೆ, ‘ಟಿಕ್’ ಅಂದರೆ ಅಡ್ಡಗೀರು. ತೊಳೆದರೆ ಧೂಳು ಹೋದೀತು, ಉಗುರಿಗೆ ತಗಲುವ ಗೀರು ಹೋಗದು.

‘ಅಟ್ ಫಿಲ್ಮೋರ್ ಈಸ್ಟ್’ ರೆಕಾರ್ಡಿನ ನಡುವೆ ಗುಲಾಬಿ ಲೇಬಲ್ ಕಂಡ ಕೂಡಲೇ ಮೊದಲ ಮುದ್ರಣವೆಂದು ಹಣ ಸುರಿಯಬೇಡಿ. ರೆಕಾರ್ಡ್ ಕಂಪನಿ ಕ್ಯಾಪ್ರಿಕಾರ್ನ್‌ನ ಆ ಲೇಬಲ್ಲಿನ ಸಣ್ಣಕ್ಷರದಲ್ಲಿ ವಿತರಕರು ಅಟ್ಲಾಂಟಿಕ್ ಎಂದಿರಬೇಕು. ವಾರ್ನರ್ ಎಂದಿದ್ದರೆ ನಂತರದ್ದು.

ಎರಡನೆಯದಾಗಿ ‘ಈಟ್ ಎ ಪೀಚ್’ (1972). ಡುವೇನ್ 1971ರ ಅಕ್ಟೋಬರ್ 29ರಂದು ಬೈಕ್ ಅಪಘಾತದಲ್ಲಿ ತೀರಿಕೊಂಡ ಮೇಲೆ ಬಂದದ್ದು. ಅವನು ನುಡಿಸಿದ ‘ಬ್ಲೂ ಸ್ಕೈ’ ಒಂದಕ್ಕೇ ಕೊಟ್ಟ ಹಣ ತೀರುತ್ತದೆ. ಅರ್ಧ ಗಂಟೆ ಮೀರುವ ‘ಮೌಂಟನ್ ಜ್ಯಾಮ್’ ಎರಡನೇ ಮತ್ತು ನಾಲ್ಕನೇ ಬದಿಗೆ ಹಂಚಿಹೋಗಿದೆ. ಹಾಗಾಗಿ ನಡುವೆ ರೆಕಾರ್ಡ್ ತಿರುವಿ ಹಾಕಿದರೆ ಆಗದು, ಬದಲಿಸಲೇಬೇಕು. ಎರಡೂ ತಟ್ಟೆ ಸರಿಯಾದವೇ ಎಂದು ಕವರ್ ಬಿಚ್ಚಿ ನೋಡಿಕೊಳ್ಳಿ.

ಮೊದಲ ಎರಡು ಆಲ್ಬಮ್ ಅಗ್ಗಕ್ಕೆ ಬೇಕಾದರೆ ಎರಡನ್ನೂ ಸೇರಿಸಿದ 1973ರ ‘ಬಿಗಿನಿಂಗ್ಸ್’ ಇದೆ. ಆದರೆ ಅದರಲ್ಲಿ ಮೊದಲ ಆಲ್ಬಮ್ಮನ್ನು ಡೌಡ್ ಮರುಮಿಶ್ರಣ ಮಾಡಿದ್ದಾನೆ, ಅಂದರೆ ವಾದ್ಯ, ದನಿಗಳ ಪ್ರಮಾಣವನ್ನು ಮತ್ತೆ ಹೊಂದಿಸಿದ್ದಾನೆ. ಏಡ್ರಿಯನ್ ಬಾರ್ಬರ್ ಮಾಡಿದ ಮೂಲ ಮಿಶ್ರಣವೇ ಬೇಕೆಂದರೆ 1969ರ ಪ್ರತಿಯನ್ನೇ ಹುಡುಕಬೇಕು. ಎರಡನೇ ಆಲ್ಬಮ್ ‘ಐಡಲ್‌ವೈಲ್ಡ್ ಸೌತ್’ಗೆ ಈ ತಲೆನೋವಿಲ್ಲ.

‘ಬ್ರದರ್ಸ್ ಅಂಡ್ ಸಿಸ್ಟರ್ಸ್’ (1973) ಬೇರೆಯದೇ ರುಚಿ: ಚಕ್ ಲೆವೆಲ್‌ನ ಪಿಯಾನೋ, ಹಳ್ಳಿಗಾಡಿನ ಕಂಟ್ರಿ ಧಾಟಿ. ‘ಜೆಸಿಕಾ’ಗಾಗಿ ಕೊಳ್ಳಿ. 1975ರ ‘ವಿನ್, ಲೂಸ್ ಆರ್ ಡ್ರಾ’ ಪುಕ್ಕಟೆ ಸಿಕ್ಕರೆ ಇರಲಿ.